ಏರಿನಲ್ಲಿ ಮಿಸ್ಸಿಂಗ್ ಹೊಡೆಯುವ ಹಳೇ ಮಿಯಾಟಾ: ಪಾರ್ಟು ಕೊಳ್ಳುವ ಮೊದಲು ದೋಷ ಹುಡುಕುವ ಬಗೆ

ಮಿಸ್ಸಿಂಗ್ ಎಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಉರಿಯದೆ ಎಂಜಿನ್ ಎಡವುವುದು. ಲಕ್ಷಣ ಹೀಗಿರುತ್ತದೆ. ಬೆಳಿಗ್ಗೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಐಡ್ಲಿಂಗ್ ಸರಿಯಾಗಿದೆ, ಸಮತಟ್ಟು ರಸ್ತೆಯಲ್ಲಿ ತಕರಾರಿಲ್ಲ. ಏರು ಬಂದಾಗ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ 2500ರಿಂದ 4000 ಆರ್‌ಪಿಎಂ ನಡುವೆ ಯಾರೋ ಹಿಂದಿನಿಂದ ಹಿಡಿದು ಬಿಟ್ಟಂತೆ ಜಗ್ಗುತ್ತದೆ. ಕಾಲು ಸ್ವಲ್ಪ ಸಡಿಲಿಸಿದರೆ ಜಗ್ಗಾಟ ನಿಲ್ಲುತ್ತದೆ. ಮಳೆ ಬಿದ್ದ ದಿನ ಇದು ಎರಡರಷ್ಟು.

ನಾನು ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನಲ್ಲಿದ್ದೇನೆ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಇಲ್ಲಿ ಜಿಟಿಜಿಟಿ ಮಳೆ. ಊರಿನೊಳಗಿನಿಂದ ಪಶ್ಚಿಮಕ್ಕೆ ಹೊರಟರೆ ವಿಸ್ಟಾ ರಿಜ್ ಸುರಂಗ ದಾಟಿದ ಕೂಡಲೇ ಸಿಲ್ವನ್ ಕಡೆಗಿನ ಉದ್ದದ ಏರು. ಈ ದೋಷ ಬಯಲಾಗಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ನನ್ನದು 1992ರ ಮಾಜ್ಡಾ ಮಿಯಾಟಾ, 1.6 ಲೀಟರ್ ಎಂಜಿನ್, ಕೆಂಪು ಬಣ್ಣ, ಎರಡೇ ಸೀಟು. ಕೆಳಗಿನದೆಲ್ಲ ಈ ಎಂಜಿನ್ನಿಗೆ, ಅಂದರೆ ಅಮೆರಿಕದಲ್ಲಿ 1990ರಿಂದ 1993ರವರೆಗಿನ ಮಾಡೆಲ್‌ಗಳಿಗೆ ಅನ್ವಯಿಸುವಂತೆ ಬರೆದದ್ದು. ನಂತರ ಬಂದ 1.8 ಲೀಟರ್ ಗಾಡಿಯಲ್ಲಿ ಗಾಳಿ ಅಳೆಯುವ ಸಾಧನ ಬೇರೆ, ಅಳತೆಗಳೂ ಕೊಂಚ ಬೇರೆ. ಹುಡುಕುವ ಕ್ರಮ ಮಾತ್ರ ಅದೇ.

ಕ್ರಮದ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಈ ಕಾರು ಹೊರಬಂದಾಗ ಅಮೆರಿಕದಲ್ಲಿ ಇದರ ಬೆಲೆ 13,800 ಡಾಲರಿನಿಂದ ಶುರುವಾಗುತ್ತಿತ್ತು. ಆ ಕಾಲಕ್ಕೂ ಇದು ಸಿರಿವಂತರ ಕಾರಲ್ಲ. 116 ಅಶ್ವಶಕ್ತಿ, ಒಂದು ಟನ್ನಿಗೂ ಕಡಿಮೆ ತೂಕ, ಹಿಂದಿನ ಚಕ್ರಕ್ಕೆ ಓಟ, ಕೈಯಲ್ಲೇ ಹಿಂದಕ್ಕೆ ಎಸೆಯಬಹುದಾದ ಬಟ್ಟೆಯ ಟಾಪು. ಮೂವತ್ತು ವರ್ಷ ದಾಟಿದ ಮೇಲೂ ಪಾರ್ಟುಗಳು ಸಿಗುತ್ತವೆ, ಹೆಚ್ಚಿನವು ಕೈಗೆಟುಕುವ ಬೆಲೆಯವೇ. ನನ್ನ ಲೆಕ್ಕದ ಪುಸ್ತಕ ತೆರೆದರೆ ಟಯರು, ಆಯಿಲು, ಟೈಮಿಂಗ್ ಬೆಲ್ಟು, ಹೊಸ ಟಾಪು ಯಾವುದೂ ಕಣ್ಣು ಚುಚ್ಚುವುದಿಲ್ಲ, ಅವು ಸವೆಯಲೇಬೇಕಾದವು. ಹೊಟ್ಟೆ ಉರಿಸುವ ಸಾಲುಗಳು ಬೇರೆ ಇವೆ. ‘ಇದೇ ಇರಬಹುದು’ ಎಂದುಕೊಂಡು ಬದಲಾಯಿಸಿದ, ಆಮೇಲೆ ಅದಲ್ಲ ಎಂದು ತಿಳಿದ ಪಾರ್ಟುಗಳವು. ಹಳೆಯ ಸ್ಪೋರ್ಟ್ಸ್ ಕಾರು ದುಬಾರಿಯಾಗುವುದು ಮುಖ್ಯವಾಗಿ ಅಲ್ಲಿ.

ಒಂದು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಕೊಂಡ ಎರಡನೇ ವರ್ಷ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ತೊಟ್ಟಿಕ್ಕುತ್ತಿತ್ತು. ಒಂದು ಗ್ಯಾರೇಜಿನವರು ಕೆಳಗಿನಿಂದ ನೋಡಿ, ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎಂದರು. ಕೂಲಿಯೇ ನೂರಾರು ಡಾಲರ್. ನಾನು ಒಪ್ಪಿ ಮಾಡಿಸಿದೆ. ತಿಂಗಳಲ್ಲಿ ಮತ್ತೆ ಅದೇ ಜಾಗದಲ್ಲಿ ಆಯಿಲ್. ಸೋರುತ್ತಿದ್ದುದು ಬೇರೆ ಕಡೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹಿಂಭಾಗದಲ್ಲಿ, ಕಿಡಿ ಹಾರಿಸುವ ಹೊತ್ತು ತಿಳಿಯಲು ಕಂಪ್ಯೂಟರಿಗೆ ಸಂಕೇತ ಕೊಡುವ ಕ್ಯಾಮ್ ಆಂಗಲ್ ಸೆನ್ಸರ್ ಎಂಬ ಸಣ್ಣ ಉರುಟು ಸಾಧನವಿದೆ. ಅದರ ಕುತ್ತಿಗೆಯಲ್ಲಿ ಓ-ರಿಂಗ್ ಎಂಬ ಒಂದು ರಬ್ಬರ್ ಉಂಗುರ. ವರ್ಷಗಳ ಬಿಸಿಗೆ ಅದು ಗಟ್ಟಿ ಪ್ಲಾಸ್ಟಿಕ್ಕಿನಂತಾಗಿ ಆಯಿಲ್ ಬಿಡುತ್ತದೆ. ಆ ಆಯಿಲ್ ಎಂಜಿನ್ನಿನ ಬೆನ್ನಿನ ಮೇಲೆ ಹರಿದು, ಹಿಂದಿನ ಸೀಲ್ ಸೋರಿದರೆ ಎಲ್ಲಿ ಕಾಣುತ್ತದೋ ಅಲ್ಲೇ ಬಂದು ತೊಟ್ಟಿಕ್ಕುತ್ತದೆ. ಓ-ರಿಂಗಿಗೆ ಎರಡು ಮೂರು ಡಾಲರ್. ಮೇಲಿನಿಂದ ಟಾರ್ಚ್ ಬಿಟ್ಟು ಕೈ ಹಾಕಿ ನೋಡಿದ್ದರೆ ಐದು ನಿಮಿಷದ ಕೆಲಸ.

ಏರಿನ ಮಿಸ್ಸಿಂಗ್ ಕೂಡ ಇದೇ ಜಾತಿಯದು. ಕಿಡಿಗೆ ಬೇಕಾದ ಭಾರಿ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಗಾಳಿ ಮೀಟರ್, ಪೆಟ್ರೋಲ್ ಪಂಪ್ ಎಂದು ಜನ ಸಾಲಾಗಿ ಬದಲಾಯಿಸುತ್ತಾರೆ. ಬಹಳ ಸಲ ಕಾರಣ ಆ ವೋಲ್ಟೇಜನ್ನು ಕಾಯಿಲಿನಿಂದ ಪ್ಲಗ್ಗಿಗೆ ಒಯ್ಯುವ ಪ್ಲಗ್ ವೈರ್.

ಮೊದಲು, ಏರಿನಲ್ಲೇ ಏಕೆ?

ಆಕ್ಸಿಲರೇಟರ್ ಪೂರ್ತಿ ತುಳಿದಾಗ ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲ್ ಹೆಚ್ಚು ತುಂಬಿಕೊಂಡು ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಬಾಯಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ವೈರಿನ ಹೊದಿಕೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ಪ್ಲಗ್ಗಿನ ಬಾಯಿ ದಾಟುವುದಕ್ಕಿಂತ ಆ ಬಿರುಕಿನಿಂದ ಎಂಜಿನ್ನಿನ ಲೋಹಕ್ಕೆ ಹಾರುವುದು ಕರೆಂಟಿಗೆ ಸುಲಭ. ತೇವ ಇದ್ದರೆ ಇನ್ನೂ ಸುಲಭ. ಐಡ್ಲಿಂಗಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ಅಲ್ಲಿ ಏನೂ ಕಾಣುವುದಿಲ್ಲ. ಭಾರ ಬಿದ್ದಾಗ ಮಾತ್ರ ಎಡವಿ, ಮಳೆಗೆ ಹೆಚ್ಚುವ ಮಿಸ್ಸಿಂಗ್ ಎಂದರೆ ಮೊದಲ ಅನುಮಾನ ಕಿಡಿಯ ಮೇಲೆ, ಪೆಟ್ರೋಲಿನ ಮೇಲಲ್ಲ.

ಹೀಗೇ ಓಡಿಸಿಕೊಂಡಿರಬೇಡಿ. ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರಿನ ಕಡೆಗೆ ಹೋಗಿ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಅದು ಕಾದು ಕರಗಿದರೆ ನೂರಾರು ಡಾಲರ್ ಹೋಯಿತು. ಪೋರ್ಟ್‌ಲ್ಯಾಂಡ್ ಸುತ್ತಮುತ್ತ 1975ರಿಂದ ಈಚಿನ ಕಾರುಗಳಿಗೆ ಹೊಗೆ ತಪಾಸಣೆ ಕಡ್ಡಾಯವಾದ್ದರಿಂದ ರಿಜಿಸ್ಟ್ರೇಷನ್ ನವೀಕರಣವೂ ಅಲ್ಲೇ ನಿಲ್ಲುತ್ತದೆ.

ಕಾರು ಏನು ಹೇಳುತ್ತದೆ ಕೇಳಿ

ಬಾನೆಟ್ ಕೆಳಗೆ ಡ್ರೈವರ್ ಬದಿಯಲ್ಲಿ ‘ಡಯಾಗ್ನೋಸಿಸ್’ ಎಂದು ಬರೆದಿರುವ ಪುಟ್ಟ ಕಪ್ಪು ಡಬ್ಬಿ ಇದೆ. ಮುಚ್ಚಳ ಎತ್ತಿದರೆ ಒಳಗಡೆ ಯಾವ ರಂಧ್ರ ಯಾವುದು ಎಂಬ ನಕ್ಷೆ ಇರುತ್ತದೆ. ಟಿಇಎನ್ ಮತ್ತು ಜಿಎನ್‌ಡಿ ಎಂಬ ಎರಡನ್ನು ತುಂಡು ವೈರಿನಿಂದ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ತಿರುಗಿಸಿ. ಕಂಪ್ಯೂಟರಿನಲ್ಲಿ ದೋಷ ದಾಖಲಾಗಿದ್ದರೆ ಚೆಕ್ ಎಂಜಿನ್ ದೀಪ ಮಿಣುಕಿ ಸಂಖ್ಯೆ ಹೇಳುತ್ತದೆ. ಉದ್ದನೆಯ ಮಿಣುಕು ಹತ್ತರ ಸ್ಥಾನ, ಚಿಕ್ಕದು ಒಂದರ ಸ್ಥಾನ. 02 ಬಂದರೆ ಕ್ಯಾಮ್ ಆಂಗಲ್ ಸೆನ್ಸರ್ ಸಂಕೇತ, 08 ಗಾಳಿ ಮೀಟರ್, 09 ಕೂಲೆಂಟ್ ಉಷ್ಣಾಂಶದ ಸೆನ್ಸರ್, 15 ಅಥವಾ 17 ಆಕ್ಸಿಜನ್ ಸೆನ್ಸರಿಗೆ ಸಂಬಂಧಿಸಿದ್ದು. ಸಂಖ್ಯೆ ಬಂದ ಕೂಡಲೇ ಆ ಪಾರ್ಟು ಕೊಳ್ಳಬೇಡಿ, ಮೊದಲು ಅದರ ಕನೆಕ್ಟರ್ ಬಿಚ್ಚಿ ನೋಡಿ. ಈ ವಯಸ್ಸಿನ ಕಾರಿನಲ್ಲಿ ಪಾರ್ಟಿಗಿಂತ ಮೊದಲು ಸಾಯುವುದು ಕನೆಕ್ಟರ್.

ಏನೂ ಮಿಣುಕದಿದ್ದರೆ ‘ದೋಷವಿಲ್ಲ’ ಎಂದಲ್ಲ. 1992ರ ಕಂಪ್ಯೂಟರಿಗೆ ಯಾವ ಸಿಲಿಂಡರಿನಲ್ಲಿ ಕಿಡಿ ತಪ್ಪಿತು ಎಂದು ಎಣಿಸುವ ಶಕ್ತಿ ಇಲ್ಲ. ಅದನ್ನು ನಾವೇ ಎಣಿಸಬೇಕು.

ಕತ್ತಲಲ್ಲಿ ನೋಡುವ ಪರೀಕ್ಷೆ

ನನಗೆ ಅತಿ ಪ್ರಿಯವಾದ ಪರೀಕ್ಷೆ ಇದು. ಸಂಜೆ ಪೂರ್ತಿ ಕತ್ತಲಾದ ಮೇಲೆ, ಹೊಗೆ ಹೊರಹೋಗುವಂಥ ತೆರೆದ ಜಾಗದಲ್ಲಿ ಎಂಜಿನ್ ಓಡಿಸಿ ಬಾನೆಟ್ ಎತ್ತಿ. ಸಡಿಲ ಅಂಗಿ, ಕೊರಳ ಸರ ಬೇಡ. ಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ, ಹಿಂದಿನ ಕಾಯಿಲ್ ಸುತ್ತ, ಮಂಜು ಹನಿಯಷ್ಟು ಮಾತ್ರ ನೀರು ಬಿಡಿ. ಸೋರುವ ವೈರಿದ್ದರೆ ನೀಲಿ ಕಿಡಿ ಟಕ್ ಟಕ್ ಎಂದು ಹೆಡ್ಡಿಗೆ ಹಾರುವುದು ಕಾಣುತ್ತದೆ, ಐಡ್ಲಿಂಗ್ ನಡುಗುತ್ತದೆ. ಯಾವ ವೈರ್ ಎಂದು ಗುರುತು ಮಾಡಿಕೊಳ್ಳಿ. ಕೈಯಿಂದ ಮುಟ್ಟಬೇಡಿ, ಹತ್ತಾರು ಸಾವಿರ ವೋಲ್ಟಿನ ಏಟು ಬೀಳುತ್ತದೆ.

ಕತ್ತಲಲ್ಲಿ ಏನೂ ಕಾಣದಿದ್ದರೂ ವೈರನ್ನು ಬಿಟ್ಟುಬಿಡಬೇಡಿ. ಸೋರಿಕೆ ಹೆಚ್ಚಾಗಿ ಪ್ಲಗ್ ಕೂರುವ ಆಳದ ಬಾವಿಯೊಳಗೆ ಇರುತ್ತದೆ, ಅಲ್ಲಿಗೆ ಕಣ್ಣು ಹೋಗುವುದಿಲ್ಲ.

ಪ್ಲಗ್ ಬಾವಿ

ಎಂಜಿನ್ ತಣ್ಣಗಾದ ಮೇಲೆ ವೈರನ್ನಲ್ಲ, ಅದರ ತುದಿಯ ರಬ್ಬರ್ ಟೊಪ್ಪಿಯನ್ನೇ ಹಿಡಿದು ತಿರುಚಿ ಎಳೆಯಿರಿ. ಟೊಪ್ಪಿಯ ತುದಿ ಆಯಿಲಿನಲ್ಲಿ ಅದ್ದಿದಂತಿದ್ದರೆ ಟ್ಯಾಪೆಟ್ ಕವರಿನ (ಹೆಡ್ಡಿನ ಮೇಲಿನ ಮುಚ್ಚಳ) ಗ್ಯಾಸ್ಕೆಟ್ ಸೋರಿ ಬಾವಿಯಲ್ಲಿ ಆಯಿಲ್ ನಿಂತಿದೆ. ಆಯಿಲ್ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಕಿಡಿ ಪಕ್ಕಕ್ಕೆ ಸೋರುತ್ತದೆ. ವೈರ್ ಮಾತ್ರ ಬದಲಾಯಿಸಿ ಗ್ಯಾಸ್ಕೆಟ್ ಬಿಟ್ಟರೆ ಹೊಸ ವೈರೂ ಕೆಡುತ್ತದೆ. ಗ್ಯಾಸ್ಕೆಟ್ ಹಾಕುವಾಗ ಕವರಿನ ಬೋಲ್ಟುಗಳನ್ನು ಬಲವಾಗಿ ಬಿಗಿಯಬೇಡಿ. ಕಾರ್ಖಾನೆಯ ಅಳತೆ ಸುಮಾರು 5ರಿಂದ 9 ನ್ಯೂಟನ್ ಮೀಟರ್, ಬೆರಳ ತುದಿಯ ಬಲ ಅಷ್ಟೇ.

ಪ್ಲಗ್ ಬಿಚ್ಚುವ ಮೊದಲು ನಿಂತ ಆಯಿಲನ್ನು ಬಟ್ಟೆಯಿಂದ ಹೀರಿ, ಕಸವನ್ನು ಗಾಳಿ ಊದಿ ತೆಗೆಯಿರಿ. ಇಲ್ಲದಿದ್ದರೆ ಎಲ್ಲವೂ ಸಿಲಿಂಡರಿನೊಳಗೆ.

ಈಗ ನಾಲ್ಕೂ ಪ್ಲಗ್ಗುಗಳನ್ನು ತೆಗೆದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಸಾಲಾಗಿಡಿ. ನಮ್ಮಪ್ಪನ ಬಳಿ ಯೆಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಭಾನುವಾರ ಅಂಗಳದಲ್ಲಿ ಪ್ಲಗ್ ಬಿಚ್ಚಿ, ಎಮೆರಿ ಹಾಳೆಯಲ್ಲಿ ಉಜ್ಜುವ ಮೊದಲು ನನ್ನ ಕಡೆ ಚಾಚಿ ‘ಬಣ್ಣ ಹೇಳು’ ಎನ್ನುತ್ತಿದ್ದರು. ನನಗೆ ಬಂದ ಎಂಜಿನ್ ವಿದ್ಯೆಯ ಮೊದಲ ಪಾಠ ಅದು, ಪೋರ್ಟ್‌ಲ್ಯಾಂಡಿನ ಈ ಶೆಡ್ಡಿನಲ್ಲೂ ನಡೆಯುತ್ತಿದೆ. ಕಾಫಿಗೆ ಹಾಲು ಜಾಸ್ತಿಯಾದಂಥ ತಿಳಿಕಂದು ಇದ್ದರೆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಮಸಿ ಕಪ್ಪು ಎಂದರೆ ಪೆಟ್ರೋಲ್ ಜಾಸ್ತಿ ಅಥವಾ ಕಿಡಿ ದುರ್ಬಲ. ಒದ್ದೆ ಜಿಡ್ಡು ಕಪ್ಪು ಎಂದರೆ ಪಿಸ್ಟನ್ ರಿಂಗು ಅಥವಾ ವಾಲ್ವ್ ಸೀಲ್ ದಾಟಿ ಆಯಿಲ್ ಬರುತ್ತಿದೆ. ಸುಣ್ಣದ ಬಿಳುಪು ಎಂದರೆ ಪೆಟ್ರೋಲ್ ಸಾಲದೆ ಸುಡುತ್ತಿದೆ. ನಾಲ್ಕೂ ಒಂದೇ ಬಣ್ಣವಿದ್ದರೆ ಕಾರಣ ನಾಲ್ಕಕ್ಕೂ ಸೇರಿದ್ದು: ಗಾಳಿ, ಪೆಟ್ರೋಲ್, ಸೆನ್ಸರ್. ಒಂದೇ ಬೇರೆಯಾಗಿದ್ದರೆ ಆ ಸಿಲಿಂಡರಿನ ಸ್ವಂತ ಕಾಯಿಲೆ. ಪಿಂಗಾಣಿಯ ಮೇಲೆ ಮೇಲಿನಿಂದ ಕೆಳಕ್ಕೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಕಿಡಿ ಹೊರಮೈಯಲ್ಲಿ ಹರಿದ ಗುರುತು. ಆಗ ಆ ಪ್ಲಗ್ಗನ್ನೂ ಅದರ ವೈರನ್ನೂ ಒಟ್ಟಿಗೇ ಬದಲಾಯಿಸಬೇಕು, ಒಂದನ್ನು ಉಳಿಸಿಕೊಂಡರೆ ಅದು ಮತ್ತೊಂದನ್ನು ಕೆಡಿಸುತ್ತದೆ.

ಬಾಯಿಯ ಅಂತರ 1.0ರಿಂದ 1.1 ಮಿಲಿಮೀಟರ್. ಸವೆದು ಅಗಲವಾಗಿದ್ದರೆ ಕಿಡಿಗೆ ಇನ್ನಷ್ಟು ವೋಲ್ಟೇಜ್ ಬೇಕಾಗುತ್ತದೆ, ಏರಿನಲ್ಲಿ ಎಡವಲು ಅದೊಂದೇ ಸಾಕು.

ಜೋಡಿ ಲೆಕ್ಕ

ಈ ಕಾರಿನಲ್ಲಿ ನಾಲ್ಕು ಸಿಲಿಂಡರಿಗೆ ಎರಡೇ ಕಾಯಿಲ್. ಒಂದು 1 ಮತ್ತು 4ಕ್ಕೆ ಒಟ್ಟಿಗೇ ಕಿಡಿ ಕೊಡುತ್ತದೆ, ಇನ್ನೊಂದು 2 ಮತ್ತು 3ಕ್ಕೆ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ರೋಗ ಗೊತ್ತಾದಂತೆ. ತಪ್ಪುತ್ತಿರುವುದು ಒಂದೇ ಸಿಲಿಂಡರ್ ಆದರೆ ವೈರ್, ಪ್ಲಗ್ ಅಥವಾ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್. 1 ಮತ್ತು 4 ಎರಡೂ, ಅಥವಾ 2 ಮತ್ತು 3 ಎರಡೂ ತಪ್ಪುತ್ತಿದ್ದರೆ ಆ ಜೋಡಿಯ ಕಾಯಿಲ್ ಅಥವಾ ಅದಕ್ಕೆ ಬರುವ ವೈರಿಂಗ್. ನಾಲ್ಕೂ ಒಟ್ಟಿಗೇ ತಪ್ಪಿದರೆ ಕ್ಯಾಮ್ ಆಂಗಲ್ ಸೆನ್ಸರ್, ಇಗ್ನೈಟರ್ (ಕಾಯಿಲಿನ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು), ಅವುಗಳ ಭೂಸಂಪರ್ಕ, ಮುಖ್ಯ ರಿಲೇ ಇವುಗಳನ್ನು ನೋಡಬೇಕು.

ಯಾವ ಸಿಲಿಂಡರ್ ಎಂದು ಹಿಡಿಯಲು ಎರಡು ದಾರಿ. ಐಡ್ಲಿಂಗಿನಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚಿ, ಮತ್ತೆ ಹಾಕಿ. ಕಳಚಿದಾಗ ಎಂಜಿನ್ ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿತ್ತು, ಕುಗ್ಗದಿದ್ದರೆ ಅದು ಮೊದಲೇ ಸುಮ್ಮನಿತ್ತು. ಪ್ಲಗ್ ವೈರ್ ಕಳಚಿ ಈ ಪರೀಕ್ಷೆ ಮಾಡುವ ಹಳೆಯ ರೂಢಿ ಇಲ್ಲಿ ಬೇಡವೇ ಬೇಡ. ಕಾಯಿಲಿಗೂ ಕೆಟ್ಟದ್ದು, ನಿಮಗೂ ಕೆಟ್ಟದ್ದು. ಎರಡನೆಯ ದಾರಿ ಟೈಮಿಂಗ್ ಲೈಟ್, ವೈರಿನಲ್ಲಿ ಕಿಡಿ ಹರಿದಾಗಲೆಲ್ಲ ಮಿಂಚುವ ದೀಪ. ಅದರ ಕ್ಲಿಪ್ಪನ್ನು ಒಂದೊಂದೇ ವೈರಿಗೆ ಹಾಕಿ, ಇನ್ನೊಬ್ಬರಿಗೆ ಥಟ್ಟನೆ ರೇಸ್ ಮಾಡಲು ಹೇಳಿ. ಬೆಳಕು ಒಂದೇ ಲಯದಲ್ಲಿ ಮಿಂಚಬೇಕು. ಯಾವ ವೈರಿನಲ್ಲಿ ಮಿಂಚು ತಪ್ಪುತ್ತದೋ ಆ ದಾರಿಯಲ್ಲಿ ದೋಷ.

ವೈರನ್ನು ಮಲ್ಟಿಮೀಟರಿನಲ್ಲೂ ಅಳೆಯಬಹುದು. ಕೈಪಿಡಿಯ ಲೆಕ್ಕ ಒಂದು ಮೀಟರ್ ಉದ್ದಕ್ಕೆ 16 ಕಿಲೋ ಓಮ್. ಅಳತೆ ಮಿತಿ ಮೀರಿದರೆ ವೈರ್ ಕೆಟ್ಟಿದೆ ಎನ್ನಬಹುದು. ಸರಿಯಾಗಿ ಬಂದರೆ ಚೆನ್ನಾಗಿದೆ ಎನ್ನಲಾಗದು, ಏಕೆಂದರೆ ಮೀಟರ್ ಒಳಗಿನ ತಂತಿಯನ್ನು ಅಳೆಯುತ್ತದೆ, ಹೊದಿಕೆಯ ಬಿರುಕನ್ನಲ್ಲ. ವೈರಿನ ವಯಸ್ಸು ಗೊತ್ತಿಲ್ಲದಿದ್ದರೆ, ಪರೀಕ್ಷೆಗಳೂ ಅದರ ಕಡೆಗೇ ಕೈ ತೋರಿಸುತ್ತಿದ್ದರೆ, ಒಳ್ಳೆಯ ವೈರ್ ಸೆಟ್ಟು ಮತ್ತು ನಾಲ್ಕು ಪ್ಲಗ್ ಹಾಕಿಬಿಡಿ. ಎರಡೂ ಸೇರಿ ನೂರು ಡಾಲರಿನೊಳಗೆ ಮುಗಿಯುತ್ತದೆ. ಕಾಯಿಲ್ ಅದಕ್ಕಿಂತ ದುಬಾರಿ. ಅದು ಹೆಡ್ಡಿಗೂ ಹಿಂದಿನ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಿದೆ, ಕೆಳಗಿನ ಬೋಲ್ಟಿಗೆ ಕೈ ಹೋಗಬೇಕಾದರೆ ಮೊಣಕೈ ತರಚುವುದು ಖಂಡಿತ. ಜೋಡಿ ಲೆಕ್ಕ ಸ್ಪಷ್ಟವಾಗಿ ಕಾಯಿಲ್ ಎಂದ ಮೇಲಷ್ಟೇ ಅಲ್ಲಿಗೆ ಹೋಗಿ.

ಕಿಡಿ ಸರಿಯಿದ್ದರೆ ಗಾಳಿ

1.6ರಲ್ಲಿ ಗಾಳಿ ಮೀಟರಿನೊಳಗೆ ಬಾಗಿಲಿನಂಥ ರೆಕ್ಕೆ ಇದೆ, ಬರುವ ಗಾಳಿ ಅದನ್ನು ತಳ್ಳಿದಷ್ಟು ಕಂಪ್ಯೂಟರ್ ಪೆಟ್ರೋಲ್ ಕೊಡುತ್ತದೆ. ಅಲ್ಲಿಂದ ಎಂಜಿನ್ನಿನ ಮುಂದೆ ಹಾದು ಥ್ರಾಟಲ್ ತಲುಪುವ ರಬ್ಬರ್ ಕೊಳವೆಯಲ್ಲಿ ಹಾರ್ಮೋನಿಯಂ ತಿದಿಯಂಥ ಮಡಿಕೆಗಳಿವೆ. ಮಡಿಕೆಯ ಒಳಗೆ ಬಿರುಕು ಬಿಡುತ್ತದೆ. ಮೇಲ್ನೋಟಕ್ಕೆ ಕಾಣುವುದಿಲ್ಲ, ಬೆರಳಲ್ಲಿ ಹಿಗ್ಗಿಸಿ ನೋಡಬೇಕು. ಏರಿನಲ್ಲಿ ಭಾರ ಬಿದ್ದಾಗ ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ವಾಲುತ್ತದೆ, ಕೊಳವೆ ಎಳೆಸಿಕೊಂಡು ಬಿರುಕು ಬಾಯಿ ಬಿಡುತ್ತದೆ, ಮೀಟರ್ ಎಣಿಸದ ಗಾಳಿ ಒಳಗೆ ನುಗ್ಗುತ್ತದೆ. ಹಾಗಾಗಿ ಇದು ಕಿಡಿ ತಪ್ಪಿದಂತೆಯೇ ಭಾಸವಾಗುತ್ತದೆ. ಗುರುತಿಸುವ ವ್ಯತ್ಯಾಸ ಒಂದೇ: ಮಳೆಗೂ ಇದಕ್ಕೂ ಸಂಬಂಧವಿಲ್ಲ. ಪರೀಕ್ಷೆಗೆ ಇನ್ಸುಲೇಷನ್ ಟೇಪ್ ಬಿಗಿಯಾಗಿ ಸುತ್ತಿ ಅದೇ ಏರು ಹತ್ತಿಸಿ. ಜಗ್ಗಾಟ ಹೋದರೆ ಕೊಳವೆ ಕೊಳ್ಳಿ. ಹೀಗೆ ಮಾಡಿದರೆ ದುಡ್ಡು ಹೋಗುವುದು ಉತ್ತರ ಸಿಕ್ಕ ಮೇಲೆ.

ಪೆಟ್ರೋಲ್ ಫಿಲ್ಟರ್ ಹಿಂಭಾಗದಲ್ಲಿ ಗಾಡಿಯ ಅಡಿಯಲ್ಲಿದೆ. ಎಂದು ಬದಲಾಯಿಸಿದ್ದೆಂದು ಗೊತ್ತಿಲ್ಲದಿದ್ದರೆ ಬದಲಾಯಿಸಿ. ಅದು ಕಟ್ಟಿಕೊಂಡಾಗಿನ ಲಕ್ಷಣ ಬೇರೆ: ಜಗ್ಗಾಟಕ್ಕಿಂತ ಹೆಚ್ಚಾಗಿ, ಮೇಲಿನ ಆರ್‌ಪಿಎಂಗಳಲ್ಲಿ ಉಸಿರು ಕಟ್ಟಿದಂತೆ ಶಕ್ತಿ ಇಳಿಯುತ್ತದೆ.

ಟೈಮಿಂಗ್, ಮತ್ತು 1990ರ, 1991ರ ಆರಂಭದ ಗಾಡಿಯವರಿಗೆ ಒಂದು ಎಚ್ಚರಿಕೆ

ಟೈಮಿಂಗ್ ಎಂದರೆ ಕಿಡಿ ಹಾರುವ ಹೊತ್ತು. ಎಂಜಿನ್ ಬಿಸಿಯಾಗಿ, ಟಿಇಎನ್ ಮತ್ತು ಜಿಎನ್‌ಡಿ ಜೋಡಿಸಿದ ಸ್ಥಿತಿಯಲ್ಲಿ ಐಡ್ಲಿಂಗ್ 850 ಆರ್‌ಪಿಎಂ, ಟೈಮಿಂಗ್ ಲೈಟಿನ ಬೆಳಕಿನಲ್ಲಿ ಮುಂದಿನ ಪುಲ್ಲಿಯ ಗುರುತು 10 ಡಿಗ್ರಿಯಲ್ಲಿ ನಿಲ್ಲಬೇಕು. ಆಚೀಚೆ ಇದ್ದರೆ ಕ್ಯಾಮ್ ಆಂಗಲ್ ಸೆನ್ಸರಿನ ಬೋಲ್ಟನ್ನು 12ರ ಸ್ಪ್ಯಾನರಿನಿಂದ ಸಡಿಲಿಸಿ, ಸೆನ್ಸರನ್ನು ಕೂದಲಷ್ಟು ತಿರುಗಿಸಿ ಸರಿಮಾಡಬಹುದು. (ಓ-ರಿಂಗ್ ಹೇಗಿದೆ ಎಂದು ನೋಡಲು ಇದೇ ಸಮಯ.)

ಸರಿಮಾಡಿದ ಟೈಮಿಂಗ್ ಕೆಲವೇ ದಿನಗಳಲ್ಲಿ ಮತ್ತೆ ಜಾರಿದರೆ ಅಲ್ಲೇ ನಿಲ್ಲಿ. 1990ರ ಮತ್ತು 1991ರ ಆರಂಭದ ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಮುಂದಿನ ಮೂಗು ಗಿಡ್ಡ. ಟೈಮಿಂಗ್ ಬೆಲ್ಟಿನ ಕೆಲಸದ ನಂತರ ಮುಂದಿನ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ದರೆ ಪುಲ್ಲಿಯನ್ನು ಕ್ರ್ಯಾಂಕಿಗೆ ಹಿಡಿದಿಡುವ ಕೀ ಎಂಬ ಲೋಹದ ತುಂಡು ಕೂರುವ ತೋಡು ಸವೆದು ಪುಲ್ಲಿ ಅಲುಗಾಡುತ್ತದೆ, ಟೈಮಿಂಗ್ ತಾನಾಗಿಯೇ ಅಲೆಯುತ್ತದೆ, ಶಕ್ತಿ ದಿನೇದಿನೇ ಇಳಿಯುತ್ತದೆ. ಮುಂದಿನ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ ಮೂಗು. ಕೊಳ್ಳಲು ಹೊರಟವರು ಇದನ್ನು ಟಾರ್ಚ್ ಬಿಟ್ಟು ನೋಡಿಯೇ ಬೆಲೆ ಮಾತಾಡಬೇಕು. ಈ ಕಾರಿನ ಎಲ್ಲ ಖರ್ಚುಗಳಲ್ಲಿ ನಾನು ನಿಜವಾಗಿ ಹೆದರುವುದು ಇದೊಂದಕ್ಕೆ, ಏಕೆಂದರೆ ಕ್ರ್ಯಾಂಕ್ ಕೆಟ್ಟರೆ ಎಂಜಿನ್ ಪೂರ್ತಿ ಬಿಚ್ಚಬೇಕು.

ಕೊನೆಯದು ಕಂಪ್ರೆಷನ್

ಕಂಪ್ರೆಷನ್ ಎಂದರೆ ಸಿಲಿಂಡರ್ ಹಿಡಿದಿಡುವ ಒತ್ತಡ. ಎಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಹೊರಗಿರಲಿ, ಕ್ಯಾಮ್ ಆಂಗಲ್ ಸೆನ್ಸರಿನ ಕನೆಕ್ಟರ್ ಕಳಚಿ. ಕಿಡಿ, ಪೆಟ್ರೋಲ್ ಎರಡೂ ನಿಲ್ಲುತ್ತವೆ. ಒಂದೊಂದೇ ಪ್ಲಗ್ ರಂಧ್ರಕ್ಕೆ ಕಂಪ್ರೆಷನ್ ಮೀಟರ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿ. ಹೊಸ ಎಂಜಿನ್ನಿಗೆ ಕೈಪಿಡಿ ಹೇಳುವುದು 192 ಪಿಎಸ್‌ಐ (ಒತ್ತಡದ ಅಳತೆ), ಕನಿಷ್ಠ ಮಿತಿ 135. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಮೂರನೆಯ ಸಂಖ್ಯೆ: ಸಿಲಿಂಡರುಗಳ ನಡುವಿನ ವ್ಯತ್ಯಾಸ 28 ಮೀರಬಾರದು. ನಾಲ್ಕೂ 165ರ ಆಸುಪಾಸಿನಲ್ಲಿ ಒಟ್ಟಿಗಿದ್ದರೆ ಅದು ವಯಸ್ಸಾದರೂ ಗಟ್ಟಿಯಾಗಿರುವ ಎಂಜಿನ್. ಮೂರು 175 ಇದ್ದು ಒಂದು 130ಕ್ಕೆ ಇಳಿದಿದ್ದರೆ ಆ ಒಂದಕ್ಕೆ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಲ್ಲಿಗೆ ಇದು ಮನೆಯಂಗಳದ ಕೆಲಸವಾಗಿ ಉಳಿಯುವುದಿಲ್ಲ.

ನನ್ನ ಕಾರಿನಲ್ಲಿ ಸಿಕ್ಕಿದ್ದು ಮೂರನೇ ಸಿಲಿಂಡರಿನ ಬಾವಿಯಲ್ಲಿ ಆಯಿಲ್, ಉಬ್ಬಿದ ರಬ್ಬರ್ ಟೊಪ್ಪಿ, ಪಿಂಗಾಣಿಯ ಮೇಲೆ ಪೆನ್ಸಿಲ್ ಗೀಟು. ಗ್ಯಾಸ್ಕೆಟ್, ವೈರ್ ಸೆಟ್ಟು, ನಾಲ್ಕು ಪ್ಲಗ್. ಒಂದು ಶನಿವಾರ ಮಧ್ಯಾಹ್ನ ಹಿಡಿಯಿತು. ಈ ಕಾರನ್ನು ಮಾರಿ ಹೊಸದು ತಗೋ ಎಂದು ಊರಿನಿಂದ ಫೋನ್ ಮಾಡಿದಾಗಲೆಲ್ಲ ಅಣ್ಣ ಹೇಳುತ್ತಾನೆ. ಖರ್ಚಿನ ಮಾತಾಡಿದರೆ ಅವನು ಹೇಳುವುದು ತಪ್ಪಲ್ಲ. ಆದರೆ ಬಾನೆಟ್ ಎತ್ತಿದರೆ ನಾಲ್ಕು ವೈರು, ಎರಡು ಕಾಯಿಲ್, ಒಂದು ರೆಕ್ಕೆ, ಪ್ರತಿಯೊಂದೂ ಎಲ್ಲಿದೆ, ಏನು ಮಾಡುತ್ತಿದೆ ಎಂದು ನನಗೆ ಕಾಣುತ್ತದೆ. ಕೆಟ್ಟಾಗ ಕಾರಣ ಕೇಳಿದರೆ ಉತ್ತರ ಕೊಡುವ ಯಂತ್ರ ಇದು. ಟಾಪು ಇಳಿಸಿ ಕೊಲಂಬಿಯಾ ನದಿಯ ಪಕ್ಕದ ಹಳೇ ಹೆದ್ದಾರಿಯಲ್ಲಿ ಎರಡನೇ ಗೇರಿನಲ್ಲಿ ತಿರುವು ತೆಗೆದುಕೊಳ್ಳುವಾಗಿನ ಸಂತೋಷ ದೊಡ್ಡದು. ಬಣ್ಣ ನೋಡಿ ದೋಷ ಹಿಡಿದ ಆ ಶನಿವಾರದ ಸಂತೋಷ ನನಗೆ ಅದರಷ್ಟೇ ದೊಡ್ಡದು.

ರಿಪೇರಿಯಾದ ಮೇಲೆ ಅದೇ ಏರು, ಅದೇ ನಾಲ್ಕನೇ ಗೇರು, ಸಾಧ್ಯವಾದರೆ ಮಳೆಯ ದಿನ. 2500ರಿಂದ ಪೂರ್ತಿ ಒತ್ತಿ, ಮುಳ್ಳು ಒಂದೇ ಸಮ ಏರಬೇಕು. 300 ಕಿಲೋಮೀಟರ್ ಓಡಿಸಿದ ನಂತರ ಕೆಟ್ಟಿದ್ದ ಸಿಲಿಂಡರಿನ ಪ್ಲಗ್ಗನ್ನು ಮತ್ತೊಮ್ಮೆ ಬಿಚ್ಚಿ ಬಣ್ಣ ನೋಡಿ, ಬಾವಿ ಒಣಗಿದೆಯೇ ಎಂದು ಬಿಳಿ ಬಟ್ಟೆ ಹಾಕಿ ಒರೆಸಿ. ಹಳೇ ಸೆಟ್ಟಿನಲ್ಲಿ ಚೆನ್ನಾಗಿದ್ದ ಮೂರು ವೈರುಗಳನ್ನು ಎಸೆಯಬೇಡಿ. ಸಿಲಿಂಡರ್ ಸಂಖ್ಯೆ ಬರೆದು, ಒಂದು ಪ್ಲಗ್ ಸ್ಪ್ಯಾನರಿನ ಜೊತೆ ಡಿಕ್ಕಿಯಲ್ಲಿಡಿ.